ನೈಫಾಳ ಕೋಣೆಗೆ ನುಗ್ಗಿದ ನೀರು

ನೈಫಾ ತಂದೆಯ ನೆಲದಲ್ಲಿ ತನಗೆ ಬಂದ ಪಾಲನ್ನು ಅಣ್ಣನಿಗೂ ತಮ್ಮನಿಗೂ ಬಿಟ್ಟುಕೊಟ್ಟ ದಿನ ಇರ್ಬಿದ್ ಪೇಟೆಯ ನ್ಯಾಯಾಲಯಕ್ಕೆ ನಾನೂ ಹೋಗಿದ್ದೆ. ಅವರ ಮನೆ ಎದುರಿಗೇ ನಮ್ಮ ಮನೆ. ಜೊತೆಗೊಬ್ಬ ಹೆಂಗಸಿರಲಿ ಅಂತ ನನ್ನನ್ನು ಕರೆದುಕೊಂಡು ಹೋಗಿದ್ದರು. ಕಾಜಿಯವರು ಒಳ್ಳೆಯ ಮನುಷ್ಯ. ಯಾರ ಒತ್ತಾಯವೂ ಇಲ್ಲವಲ್ಲ ತಾಯಿ, ಅಂತ ಮತ್ತೆ ಮತ್ತೆ ಕೇಳಿದರು. ನೈಫಾ ನೆಲ ನೋಡಿಕೊಂಡೇ ಇಲ್ಲ ಅಂದಳು. ಒತ್ತಾಯ ಯಾರೂ ಮಾಡಿರಲಿಲ್ಲ, ಅದು ನಿಜವೇ. ನಮ್ಮ ಕಡೆ ಹೆಣ್ಣುಮಗಳು ಒಡಹುಟ್ಟಿದವರ ಹತ್ತಿರ ನೆಲ ಕೇಳಿದಳು ಅಂದರೆ ಮಾರನೆಯ ದಿನದಿಂದ ಅವಳಿಗೆ ತವರು ಅನ್ನುವುದು ಉಳಿಯುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ.

ಮೂವರಲ್ಲಿ ಮುತ್ಲಕ್ ದೊಡ್ಡವನು, ನೈಫಾ ನಡುವಿನವಳು, ಶಹಾದೆ ಚಿಕ್ಕವನು. ತಾಯಿ ಹೋದಾಗ ಶಹಾದೆ ಇನ್ನೂ ಕೈಗೂಸು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ನೈಫಾ ರೊಟ್ಟಿ ಸುಡುತ್ತಿದ್ದದ್ದು, ಬಟ್ಟೆ ಒಗೆಯುತ್ತಿದ್ದದ್ದು ನನ್ನ ಕಣ್ಣಲ್ಲಿ ಈಗಲೂ ಇದೆ. ಅವನು ದೊಡ್ಡವನಾಗುವ ಹೊತ್ತಿಗೆ ತಂದೆಗೆ ಲಕ್ವ ಹೊಡೆಯಿತು. ನೈಫಾಳನ್ನು ಕೇಳಿಕೊಂಡು ಬಂದ ಸಂಬಂಧಗಳನ್ನು ಆಮೇಲೆ ನೋಡೋಣ ಅಂತ ವಾಪಸ್ ಕಳಿಸಿದರು. ಆ ಆಮೇಲೆ ಬರಲೇ ಇಲ್ಲ. ತಂದೆಯನ್ನು ಮಣ್ಣು ಮಾಡಿದಾಗ ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು.

ಅವರ ಜಾಗ ರಸ್ತೆಯಿಂದ ಹಳ್ಳದ ಕಡೆಗೆ ಇಳಿಜಾರಾಗಿದೆ. ಮೇಲುಗಡೆ ತಂದೆಯ ಹಳೆ ಕಲ್ಲುಮನೆ, ಅದು ಮುತ್ಲಕ್‌ಗೆ ಹೋಯಿತು. ನಡುವಿನ ಖಾಲಿ ಜಾಗ ಶಹಾದೆಗೆ. ಕೆಳಗೆ, ಹಳ್ಳಕ್ಕೆ ಹತ್ತಿರವಾಗಿ, ಹಿಂದೆ ಹೊಟ್ಟು ತುಂಬಿಡುತ್ತಿದ್ದ ಒಂದು ಕಲ್ಲಿನ ಕೋಣೆ, ಅದರ ಪಕ್ಕದಲ್ಲಿ ನೆಲದೊಳಗಿನ ನೀರಿನ ತೊಟ್ಟಿ. ಅಲ್ಲಿ ಜಾಗ ಎಷ್ಟು ಕಿರಿದು ಅಂದರೆ ಕೋಣೆ ಮತ್ತು ತೊಟ್ಟಿ ಸೇರಿದರೆ ಮುಗಿಯಿತು, ಆಚೆ ಈಚೆ ಗೇಣು ಜಾಗವಿಲ್ಲ. ಕೋಣೆ ಶಹಾದೆಯ ಪಾಲಿನಲ್ಲೇ ಬಂದಿತ್ತು. ನೀನು ಬದುಕಿರುವ ತನಕ ಇದು ನಿನ್ನದೇ, ಯಾರೂ ಏಳು ಅನ್ನುವುದಿಲ್ಲ ಅಂತ ಇಬ್ಬರೂ ತಂದೆಯ ಗೋರಿಯ ಹತ್ತಿರ ನಿಂತು ನೈಫಾಳಿಗೆ ಮಾತು ಕೊಟ್ಟರು. ಪಶ್ಚಿಮಕ್ಕೆ ರಸ್ತೆಯಿಂದ ಹಳ್ಳದವರೆಗೂ ಉದ್ದಕ್ಕೆ ಒಂದು ಪಟ್ಟಿ ನೆಲ. ಅದು ಮುತ್ಲಕ್‌ನದು.

ಆ ಪಟ್ಟಿಯಲ್ಲಿ ಮೊದಲು ಒಂದು ಕಾಲುವೆ ಇತ್ತು. ನಮ್ಮೂರಿನ ಮಣ್ಣು ಕೆಂಪು ಜೇಡಿ. ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಬಿರಿಯುತ್ತದೆ. ಚಳಿಗಾಲದ ಮಳೆ ಬಿದ್ದರೆ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬುತ್ತದೆ. ಉಬ್ಬಿದಾಗ ಮನೆಯನ್ನು ಎತ್ತುತ್ತದೆ, ಒಣಗಿದಾಗ ಇಳಿಸುತ್ತದೆ. ಅದಕ್ಕೇ ಅವರ ತಂದೆ ಮನೆಯ ಹಿಂಭಾಗದಲ್ಲಿ ಅಗೆದು, ಕರಿಕಲ್ಲು ತುಂಬಿ, ತಾರಸಿಯ ನೀರನ್ನೂ ಗುಡ್ಡದ ನೀರನ್ನೂ ಅದರೊಳಗೆ ಹಿಡಿದು ಹಳ್ಳಕ್ಕೆ ಬಿಟ್ಟಿದ್ದ. ಪಾಲಾದ ಮೇಲೆ ಮುತ್ಲಕ್ ಆ ಕಲ್ಲುಗಳನ್ನೆಲ್ಲ ಕಿತ್ತು ಕಾಂಪೌಂಡಿಗೆ ಹಾಕಿಸಿದ, ಪಟ್ಟಿಯನ್ನು ಸಮ ಮಾಡಿ ಆಲಿವ್ ಸಸಿ ನೆಟ್ಟ. ಶಹಾದೆ ತನ್ನ ಕಡೆ ಉಳಿದ ತುಂಡನ್ನು ಮುಚ್ಚಿ, ಮೇಲೆ ಕಲ್ಲುಹಾಸು ಹಾಕಿಸಿ, ಬಿಳಿಕಲ್ಲಿನ ಮನೆ ಕಟ್ಟಿದ. ಅವನ ಹೆಂಡತಿ ಹಿಯಾಮ್ ಅಮ್ಮಾನ್‌ನಲ್ಲಿ ಬೆಳೆದವಳು. ಗೋಡೆಯ ಬುಡಕ್ಕೇ ಹುಲ್ಲುಹಾಸು ಬೆಳೆಸಿದಳು, ಕಿಟಕಿಗೆ ನೆರಳಿರಲಿ ಅಂತ ಹಿಪ್ಪುನೇರಳೆ ನೆಟ್ಟಳು. ಸಂಜೆ ಹೊತ್ತು ಅವಳು ಕೊಳವೆ ಹಿಡಿದು ನೀರು ಬಿಡುವುದನ್ನು ಬೀದಿಯವರೆಲ್ಲ ನೋಡುತ್ತಿದ್ದೆವು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಮನೆ ಹಳತಾಗುವ ಮುಂಚೆಯೇ ಬಾಗಿಲುಗಳು ಹಿಡಿಯತೊಡಗಿದವು. ಕಿಟಕಿಯ ಮೂಲೆಯಿಂದ ತಾರಸಿಯವರೆಗೆ ಓರೆಯಾಗಿ ಬಿರುಕು ಬಿಟ್ಟಿತು. ಸಿಮೆಂಟು ಮೆತ್ತಿದರು, ಮುಂದಿನ ಮಳೆಗಾಲಕ್ಕೆ ಅದರ ಪಕ್ಕದಲ್ಲೇ ಇನ್ನೊಂದು. ಹಿಯಾಮಳ ಅಡುಗೆಮನೆಯ ನೆಲ ಒಂದು ಕಡೆಗೆ ಎಷ್ಟು ಏರಿತು ಅಂದರೆ ಕೆಳಗೆ ಬಿದ್ದ ನಿಂಬೆಹಣ್ಣು ತಾನಾಗಿಯೇ ಬಾಗಿಲಿಗೆ ಉರುಳುತ್ತಿತ್ತು. ಶಹಾದೆ ತಪ್ಪೆಲ್ಲ ಅಣ್ಣನ ತಾರಸಿಯ ನೀರಿನದು ಅಂದ. ಮುತ್ಲಕ್ ತಪ್ಪೆಲ್ಲ ತಮ್ಮನ ಹೆಂಡತಿಯ ಹುಲ್ಲಿನದು ಅಂದ. ಇಬ್ಬರ ಮಾತಿನಲ್ಲೂ ನಿಜವಿತ್ತು, ಜಗಳ ಬೆಳೆಯುವುದಕ್ಕೆ ಅಷ್ಟು ಸಾಕಾಯಿತು. ಕೊನೆಗೆ ಮಸೀದಿಯಲ್ಲೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲುವಷ್ಟಾಯಿತು.

ಶಹಾದೆ ಇರ್ಬಿದ್‌ನಿಂದ ನಿದಾಲ್ ಅನ್ನುವ ಎಂಜಿನಿಯರನ್ನು ಕರೆಸಿದ. ಓದಿಕೊಂಡ ಹುಡುಗ, ಕೆಲಸ ಗೊತ್ತಿದ್ದವನು. ಗೋಡೆಯ ಸುತ್ತ ಅಗೆಸಿ ನೋಡಿದ. ಹುಲ್ಲಿನ ಕಡೆ ಪಾಯದ ಕೆಳಗಿನ ಮಣ್ಣು ಬೆಣ್ಣೆ, ಹಿಪ್ಪುನೇರಳೆಯ ಕಡೆ ಬೇರು ನೀರೆಲ್ಲ ಹೀರಿ ಹೆಂಚಿನ ಹಾಗೆ ಗಟ್ಟಿ. ಒಂದು ಕಡೆ ಉಬ್ಬಿ ಒಂದು ಕಡೆ ಕುಗ್ಗಿದರೆ ಮನೆ ಯಾವ ಕಡೆಗೆ ಅಂತ ಕೂತುಕೊಳ್ಳಬೇಕು, ಅಂತ ಅವನು ಹಿಯಾಮಳಿಗೇ ನಗುತ್ತಾ ಕೇಳಿದ. ಹುಲ್ಲು ಕೀಳಿ, ಮರ ಕಡಿಯಿರಿ, ಗೋಡೆಯಿಂದ ಆಚೆಗೆ ನೀರು ಹರಿಯುವ ಹಾಗೆ ಅಂಗಳಕ್ಕೆ ವಾಟ ಕೊಡಿ, ಮನೆಯ ಹಿಂದೆ ಕಾಲುವೆ ತೋಡಿ ಮಣ್ಣು ಸೋಸುವ ಬಟ್ಟೆ ಹಾಸಿ, ತೂತಿನ ಪೈಪು ಇಟ್ಟು ಜಲ್ಲಿ ತುಂಬಿ, ಮೇಲಿಂದ ಬರುವ ನೀರು ಪಾಯ ಮುಟ್ಟುವ ಮುಂಚೆಯೇ ಅದರಲ್ಲಿ ಇಳಿಯಲಿ. ಇಷ್ಟು ಹೇಳಿ ಅವನು ಕೆಳಗೆ ಹಳ್ಳದ ಕಡೆ ಕೈ ತೋರಿಸಿದ.

"ಅಲ್ಲಿಗೆ ಮುಟ್ಟಿಸಲೇಬೇಕು ನೋಡಿ. ಮಧ್ಯ ಎಲ್ಲೋ ಬಿಟ್ಟರೆ ಈ ಮಣ್ಣು ಕುಡಿಯಲ್ಲ."

ಹಳ್ಳಕ್ಕೆ ಮುಟ್ಟಿಸಬೇಕಾದರೆ ದಾರಿ ಮುತ್ಲಕ್‌ನ ಪಟ್ಟಿಯಲ್ಲೇ. ಕೇಳಲು ಊರಿನ ಹಿರಿಯ ಹಾಜಿ ಝೈದಾನ್ ಹೋದರು. ಮುತ್ಲಕ್ ಅವರಿಗೆ ಊಟ ಹಾಕಿ ಕಳಿಸಿದ, ದಾರಿ ಕೊಡಲಿಲ್ಲ. ನನ್ನ ನೆಲ ಅವನ ಮೋರಿಯಲ್ಲ ಅಂದನಂತೆ. ಹಿಂದೆ ಅಲ್ಲಿ ಮೋರಿಯೇ ಇತ್ತಲ್ಲಪ್ಪ ಅಂತ ಹಾಜಿ ಅಂದದ್ದಕ್ಕೆ, ಆಗ ಅದು ಅಪ್ಪನದು, ಈಗ ನನ್ನದು ಅಂದನಂತೆ.

ಶಹಾದೆ ಕೆಲಸ ನಿಲ್ಲಿಸಲಿಲ್ಲ. ಹುಲ್ಲು ಕಿತ್ತರು, ಮರ ಕಡಿದರು, ಯಂತ್ರ ಬಂತು, ಅಗೆಯಿತು, ಬಟ್ಟೆ ಹಾಸಿದರು, ಜಲ್ಲಿ ಸುರಿದರು. ಪೈಪಿನ ಬಾಯಿ ಬಂದು ನಿಂತದ್ದು ನೈಫಾಳ ಕೋಣೆಯ ಗೋಡೆಗೆ ಎದುರಾಗಿ, ಅಂಗಳದ ತುದಿಯಲ್ಲಿ. ಇಲ್ಲಿ ಬಿಡುವುದು ಸರಿಯಲ್ಲ ಅಂತ ನಿದಾಲ್ ತಕರಾರು ಮಾಡಿದ. ಸದ್ಯಕ್ಕೆ ಇರಲಿ, ಅಣ್ಣ ದಾರಿಗೆ ಬಂದ ಮೇಲೆ ಮುಂದಕ್ಕೆ ತಗೊಂಡು ಹೋಗೋಣ ಅಂತ ಶಹಾದೆ ಅವನನ್ನು ಕಳಿಸಿಬಿಟ್ಟ. ನೈಫಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೂ ಅದನ್ನೇ ಹೇಳಿದ. "ನೀರು ಸ್ವಲ್ಪವೇ ಬರೋದು ಅಕ್ಕ. ಇಲ್ಲೇ ಇಂಗಿಹೋಗುತ್ತೆ." ತಮ್ಮ ಹೇಳಿದರೆ ನಂಬುವುದು ಅವಳಿಗೆ ಅಭ್ಯಾಸವಾಗಿತ್ತು.

ಆ ಚಳಿಗಾಲ ಮಳೆ ಹಿಡಿದದ್ದು ಬಿಡಲಿಲ್ಲ. ಶಹಾದೆಯ ಮನೆಯ ಹಿಂದಿನ ನೀರು, ಮುತ್ಲಕ್‌ನ ತಾರಸಿಯ ನೀರು, ಮೇಲಿನ ರಸ್ತೆಯ ನೀರು ಎಲ್ಲ ಒಂದೇ ಪೈಪಿನಿಂದ ಕೆಂಪಗೆ ಸುರಿದು ನೈಫಾಳ ಬಾಗಿಲ ಮುಂದೆ ಮಡುಗಟ್ಟಿತು. ನಾನು ಹೋಗಿ ನೋಡಿದಾಗ ಹಾಸಿಗೆಯನ್ನು ಪೆಟ್ಟಿಗೆಯ ಮೇಲೆ ಏರಿಸಿ, ಬಟ್ಟಲಿನಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲಿದ್ದು ಮತ್ತೆ ಒಳಗೇ ಬರುತ್ತಿತ್ತು. ತೊಟ್ಟಿಯ ಕುಡಿಯುವ ನೀರಿಗೂ ಕೆಸರು ಸೇರಿತ್ತು. ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ನೋಡಿದರೆ ಮೂಲೆಯ ಗೋಡೆ ಹೊಟ್ಟೆ ಬಂದ ಹಾಗೆ ಹೊರಗೆ ಬಾಗಿತ್ತು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಅರ್ಧವೇ ತೆರೆಯುತ್ತಿತ್ತು. ಅವಳು ಅಡ್ಡಡ್ಡವಾಗಿ ನುಸುಳಿ ಬರುತ್ತಿದ್ದಳು.

ಮೊದಲು ತಮ್ಮನ ಹತ್ತಿರ ಹೋದಳು. ನನ್ನದೇನಿದೆ ಅಕ್ಕ, ದಾರಿ ಕೊಡದಿರೋನು ಅವನು, ಅವನನ್ನ ಕೇಳು ಅಂದ. ಹಿಯಾಮ್ ಬಿಸಿ ಸೂಪು ಕೊಟ್ಟು ಕಳಿಸಿದಳು. ಅಣ್ಣನ ಹತ್ತಿರ ಹೋದಳು. ಪೈಪು ಇಟ್ಟೋನು ಅವನು, ತೆಗೀ ಅನ್ನು ಅಂದ. ಆಮೇಲೆ ದನಿ ಇಳಿಸಿ, ಆ ಗೂಡಿನಲ್ಲಿ ಯಾಕೆ ಇರ್ತೀಯ, ಇಲ್ಲಿಗೆ ಬಂದುಬಿಡು, ಇಲ್ಲಿ ಕೋಣೆ ಇದೆಯಲ್ಲ ಅಂದ. ಇರುವ ಕೋಣೆಯಲ್ಲಿ ಅವನ ಅತ್ತೆ ಹಾಸಿಗೆ ಹಿಡಿದು ಮಲಗಿದ್ದಳು. ಅತ್ತೆಯನ್ನು ನೋಡಿಕೊಳ್ಳಲು ಜನ ಸಿಗುತ್ತಿಲ್ಲ ಅಂತ ಮುತ್ಲಕ್‌ನ ಹೆಂಡತಿ ಅದೇ ವಾರ ನನ್ನ ಹತ್ತಿರ ಗೋಳಾಡಿದ್ದಳು.

ನೈಫಾ ಮಳೆ ನಿಲ್ಲುವ ತನಕ ಕಾದಳು. ಬಿಸಿಲು ಬಂದ ಬೆಳಿಗ್ಗೆ ಅವಳು ತಲೆವಸ್ತ್ರವನ್ನು ಹಿಂದಕ್ಕೆ ಕಟ್ಟಿ, ಪಿಕಾಸಿ ಸಲಿಕೆ ತೆಗೆದುಕೊಂಡು, ಪೈಪಿನ ಬಾಯಿಯಿಂದ ಶುರುಮಾಡಿ ಮುತ್ಲಕ್‌ನ ಪಟ್ಟಿಯಲ್ಲಿ ಹಳ್ಳದ ಕಡೆಗೆ ಅಗೆಯತೊಡಗಿದಳು. ಮುತ್ಲಕ್ ಅಜ್ಲೂನ್‌ಗೆ ಯಾರದೋ ಸಾವಿಗೆ ಹೋಗಿದ್ದ. ಒದ್ದೆ ಜೇಡಿ ಅಗೆದವರಿಗೇ ಗೊತ್ತು. ಸಲಿಕೆಗೆ ಅಂಟಿದ್ದು ಬಿಡುವುದಿಲ್ಲ, ಪ್ರತಿ ಸಲವೂ ಕಾಲಿನಿಂದ ಕೆರೆದು ಉದುರಿಸಬೇಕು. ನಾನು ಚಹಾ ಮಾಡಿಕೊಂಡು ಹೋದೆ. ಸಾಲಿಗೆ ಅಡ್ಡ ಬಂದ ಆಲಿವ್ ಸಸಿಗಳನ್ನು ಅವಳು ಬೇರು ಮುರಿಯದ ಹಾಗೆ ಮಣ್ಣಿನ ಸಮೇತ ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸುತ್ತಿದ್ದಳು. ಆಮೇಲೆ ನೆಟ್ಟುಕೊಳ್ಳಲಿ ಅಂದಳು. ಬೀದಿಯ ಗಂಡಸರು ಗೋಡೆಯ ಮೇಲೆ ಮೊಣಕೈ ಊರಿ ನೋಡುತ್ತಿದ್ದರು. ನನ್ನ ಗಂಡ ಬಂದು ಮನೆಯೊಳಗೆ ನಡಿ ಅಂತ ನನ್ನನ್ನು ಎಬ್ಬಿಸಿಕೊಂಡು ಹೋದರು. ಶಹಾದೆ ಕಿಟಕಿಯ ಪರದೆ ಸರಿಸಿ ನೋಡಿದ, ಕೆಳಗೆ ಇಳಿಯಲಿಲ್ಲ.

ಮಾರನೆಯ ಸಂಜೆ ಹೊತ್ತಿಗೆ ಕಾಲುವೆ ಹಳ್ಳಕ್ಕೆ ಮುಟ್ಟಿತು. ಬಾಗಿಲ ಮುಂದಿನ ಮಡು ಸದ್ದು ಮಾಡುತ್ತಾ ಹರಿದುಹೋಯಿತು. ನೈಫಾ ಕಲ್ಲಿನ ಮೇಲೆ ಕೂತು, ಕೆಸರು ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಅವಳು ಅಷ್ಟು ಸಂತೋಷವಾಗಿ ಇದ್ದದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಮುತ್ಲಕ್ ಬಂದು ನೋಡಿದ. ಅವನಿಗೆ ಸಸಿಗಳಿಗಿಂತ ಜನ ನೋಡಿದ್ದೇ ಹೆಚ್ಚು ಉರಿಯಿತು. ತಂಗಿಯ ಹತ್ತಿರ ಕೂಲಿಯವಳ ಹಾಗೆ ಮಣ್ಣು ಹೊರಿಸಿದರು ಅಂತ ಊರೆಲ್ಲ ಆಡಿಕೊಳ್ಳುತ್ತಿದೆ ಅಂತ ಅಂಗಳದಲ್ಲೇ ನಿಂತು ಕೂಗಾಡಿದ. ಆಗ ಶಹಾದೆ ಕೆಳಗೆ ಬಂದ. ಆ ಕಾಲುವೆಯಲ್ಲಿ ಹರಿಯುತ್ತಿದ್ದದ್ದು ಅವನ ಮನೆಯ ನೀರು, ಉಳಿಯುತ್ತಿದ್ದದ್ದು ಅವನ ಪಾಯ. ಅಕ್ಕನ ಪರ ಒಂದು ಮಾತಾಡುತ್ತಾನೆ ಅಂತ ನಾವೆಲ್ಲ ಅಂದುಕೊಂಡೆವು. ಅವನು ಅಣ್ಣನ ಮುಖ ನೋಡಿ, "ನಾನೇನು ಅಗೆ ಅಂತ ಹೇಳಲಿಲ್ಲಪ್ಪ. ನನ್ನನ್ನೂ ಕೇಳಲಿಲ್ಲ," ಅಂದ. ವರ್ಷದ ಮೇಲಾಗಿತ್ತು ಅವರಿಬ್ಬರು ಮಾತಾಡಿ. ಮೊದಲ ಮಾತು ಇದು.

ಆಮೇಲೆ ಮಾತು ಸಲೀಸಾಯಿತು. ಅವಳಿಗೆ ತಲೆ ಕೆಟ್ಟಿದೆ ಅಂತ ಒಬ್ಬ, ಮೊದಲಿಂದಲೂ ಹಟಮಾರಿ ಅಂತ ಇನ್ನೊಬ್ಬ. ಟ್ರಾಕ್ಟರ್ ತರಿಸಿ ಕಾಲುವೆ ಮುಚ್ಚಿದರು. ಶಹಾದೆಯೇ ಡ್ರೈವರಿಗೆ ಕೈಸನ್ನೆ ಮಾಡಿ ದಾರಿ ತೋರಿಸುತ್ತಿದ್ದ.

ಅಣ್ಣತಮ್ಮಂದಿರು ಮಾತಾಡಿದ್ದಾರೆ ಅನ್ನುವ ಸುದ್ದಿ ಹಾಜಿ ಝೈದಾನ್‌ಗೆ ಮುಟ್ಟಿತು. ಬಿಸಿ ಆರುವ ಮುಂಚೆ ಪೂರ್ತಿ ರಾಜಿ ಮಾಡಿಸಿಬಿಡೋಣ ಅಂತ ಶುಕ್ರವಾರದ ನಮಾಜು ಮುಗಿದ ಮೇಲೆ ಹಿರಿಯರನ್ನು ಕಟ್ಟಿಕೊಂಡು ಮುತ್ಲಕ್‌ನ ಮನೆಗೆ ಬಂದರು. ನಾವು ಹೆಂಗಸರು ಅಡುಗೆಮನೆಯಲ್ಲಿ ಅನ್ನಕ್ಕೆ ಬಾದಾಮಿ ಹುರಿಯುತ್ತಿದ್ದೆವು. ನಡುವೆ ಒಂದು ಪರದೆ, ಎಲ್ಲ ಕೇಳಿಸುತ್ತಿತ್ತು. ಕಾಫಿ ಹಾಕಿದರು. ಹಾಜಿ ನಮ್ಮ ಕಡೆಯ ಪದ್ಧತಿಯ ಹಾಗೆ ಬಟ್ಟಲನ್ನು ನೆಲದ ಮೇಲಿಟ್ಟು, ಕೇಳಿದ್ದನ್ನು ನಡೆಸಿಕೊಟ್ಟರೆ ಮಾತ್ರ ಕುಡಿಯುತ್ತೇವೆ ಅಂದರು. ಅವರು ಕೇಳಿದ್ದು ಇಷ್ಟು: ಕೆಳಗಿನ ಕೋಣೆ ಹೇಗೂ ಬೀಳುವ ಹಾಗಿದೆ, ಕೆಡವಿಬಿಡಿ. ಪೈಪು ಅದೇ ಜಾಗದಲ್ಲಿ ನೇರ ಹಳ್ಳಕ್ಕೆ ಹೋಗಲಿ. ಮುತ್ಲಕ್‌ನ ಗಿಡಗಳಿಗೆ ತೊಂದರೆಯಿಲ್ಲ, ಶಹಾದೆಯ ನೀರಿಗೆ ದಾರಿ ಸಿಕ್ಕಿತು. ನೈಫಾ ಅಣ್ಣನ ಮನೆಯಲ್ಲಿ ಗೌರವವಾಗಿ ಇರಲಿ. ಸುತ್ತ ಕೂತವರೆಲ್ಲ ದೇವರು ನಿಮಗೆ ಒಳ್ಳೇದು ಮಾಡಲಿ ಹಾಜಿ ಅಂದರು.

ನೈಫಾ ನನ್ನ ಪಕ್ಕದಲ್ಲೇ ಕೂತು ಪಾರ್ಸ್ಲಿ ಸೊಪ್ಪು ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಪರದೆ ಸರಿಸಿ ಒಳಗೆ ಹೋಗಿ ನಿಂತಳು. ಗಂಡಸರ ಕೂಟದಲ್ಲಿ ಹೆಂಗಸು ಹಾಗೆ ಹೋಗುವುದಿಲ್ಲ.

"ಹಾಜಿ, ಆ ಕಾಫಿ ಕುಡಿಯೋ ಮುಂಚೆ ನನ್ನದೂ ಒಂದು ಮಾತಿದೆ," ಅಂದಳು. "ಅಪ್ಪನ ನೆಲದಲ್ಲಿ ನನಗೂ ಪಾಲಿತ್ತು. ದೇವರು ಬರೆದಿಟ್ಟ ಪಾಲು. ಇವರಿಬ್ಬರಿಗೆ ಬಿಟ್ಟುಕೊಟ್ಟೆ. ಈಗ ಅದರಲ್ಲಿ ಒಂದು ಮೊಳ ಅಗಲ ವಾಪಸ್ ಕೇಳ್ತಾ ಇದೀನಿ. ನನಗಲ್ಲ, ನೀರು ಹೋಗೋಕೆ."

"ಕೊಟ್ಟದ್ದನ್ನ ತಿರುಗಿ ಕೇಳಬಾರದಮ್ಮ," ಅಂದರು ಹಾಜಿ, ಮೆತ್ತಗೆ.

"ಸರಿ. ಆ ಕೋಣೆ ನನ್ನದು ಅಂತ ಅಪ್ಪನ ಗೋರಿ ಹತ್ತಿರ ಇವರೂ ಮಾತು ಕೊಟ್ಟಿದ್ರಲ್ಲ. ಅದನ್ನ ತಿರುಗಿ ತಗೋಬಹುದಾ?"

ಅದಕ್ಕೆ ಮುತ್ಲಕ್, "ನಿನ್ನನ್ನ ಬೀದಿಗೆ ತಳ್ತಿಲ್ಲವಲ್ಲ ನೈಫಾ. ನನ್ನ ಮನೆಗೆ ಕರೀತಿದೀನಿ," ಅಂದ.

"ನಿಮ್ಮತ್ತೆ ಹಾಸಿಗೆ ಬಟ್ಟೆ ಒಗೆಯೋಕೆ ತಾನೆ ಅಣ್ಣ? ಅಪ್ಪಂದು ಒಗೆದು ಒಗೆದು ಕೈ ಪಳಗಿದೆ ಅಂತ."

ಯಾರೋ ಒಬ್ಬರು ಕೆಮ್ಮಿದರು. ನೈಫಾ ಶಹಾದೆಯ ಕಡೆ ತಿರುಗಿದಳು. ನೀನೊಂದು ಮಾತು ಹೇಳು, ನೀನು ಬೇಡ ಅಂದರೆ ಯಾರೂ ಕೆಡವಲ್ಲ ಅಂದಳು. ಅವನು ಜಮಖಾನೆಯ ಅಂಚನ್ನು ಬೆರಳಿನಿಂದ ತಿದ್ದಿದ.

"ದೊಡ್ಡವರು ಹೇಳಿದ ಮೇಲೆ ನಾನೇನು ಹೇಳಲಿ ಅಕ್ಕ," ಅಂದ.

ಹಾಜಿ ಝೈದಾನ್ ಬಟ್ಟಲೆತ್ತಿ ಕುಡಿದರು. ಉಳಿದವರೂ ಕುಡಿದರು. ಅಣ್ಣತಮ್ಮಂದಿರು ಎದ್ದು ಅಪ್ಪಿಕೊಂಡರು, ಶಹಾದೆ ಅಣ್ಣನ ತಲೆಗೆ ಮುತ್ತು ಕೊಟ್ಟ. ನೈಫಾ ಅಡುಗೆಮನೆಗೆ ವಾಪಸ್ ಬಂದು ಉಳಿದ ಸೊಪ್ಪನ್ನು ಪೂರ್ತಿ ಹೆಚ್ಚಿ ಮುಗಿಸಿದಳು. ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಅವಳು ಅಣ್ಣನ ಮನೆಗೂ ಹೋಗಲಿಲ್ಲ, ತಮ್ಮನ ಮನೆಗೂ ಹೋಗಲಿಲ್ಲ. ರಮ್ಥಾದಲ್ಲಿ ಅವಳ ಚಿಕ್ಕಮ್ಮನ ಮಗಳೊಬ್ಬಳಿದ್ದಾಳೆ, ವಿಧವೆ. ಬದನೆಕಾಯಿಗೆ ಅಕ್ರೋಟು, ಕೆಂಪು ಮೆಣಸಿನಕಾಯಿ ತುಂಬಿ ಎಣ್ಣೆಯಲ್ಲಿಟ್ಟು ಅಂಗಡಿಗಳಿಗೆ ಕೊಡುತ್ತಾಳೆ. ಅಲ್ಲಿಗೆ ಹೊರಟಳು. ಸಾಮಾನು ಕಟ್ಟಲು ನಾನೇ ಕೈ ಜೋಡಿಸಿದೆ, ಈ ಸಲ ನನ್ನ ಗಂಡ ಕರೆದರೂ ಏಳಲಿಲ್ಲ. ಹಾಸಿಗೆ ಇನ್ನೂ ಒದ್ದೆಯಿತ್ತು. ಪಿಕಪ್ ಗಾಡಿ ಬಂದಾಗ ಹಿಯಾಮ್ ಒಬ್ಬಳು ಕೆಳಗಿಳಿದು ಬಂದು ಅಳತೊಡಗಿದಳು. ನೈಫಾ ಅವಳ ಬೆನ್ನು ಸವರಿದಳು. ಶಹಾದೆ ಅಂಗಡಿಗೆ ಹೋಗಿದ್ದ. ಅಣ್ಣ ಮೇಲುಗಡೆ ತಾರಸಿಯಲ್ಲಿ ನೀರಿನ ಟ್ಯಾಂಕು ತೊಳೆಯುತ್ತಿದ್ದ, ಇಳಿಯಲಿಲ್ಲ.

ಆ ವಾರವೇ ಕೋಣೆ ಕೆಡವಿ, ತೊಟ್ಟಿ ತುಂಬಿದರು. ನಿದಾಲ್ ಮತ್ತೆ ಬಂದು ಪೈಪನ್ನು ಹಳ್ಳಕ್ಕೆ ಮುಟ್ಟಿಸಿದ. ಇಲ್ಲಿದ್ದ ಅಮ್ಮ ಎಲ್ಲಿ ಅಂತ ಅವನು ಕೇಳಿದ್ದು ನನ್ನ ಕಿವಿಗೆ ಬಿತ್ತು. ನೆಂಟರ ಮನೆಗೆ ಹೋಗಿದ್ದಾಳೆ ಅಂದ ಶಹಾದೆ. ಕೆಲಸ ಚೆನ್ನಾಗಿಯೇ ಆಗಿದೆ. ಬಿರುಕುಗಳನ್ನು ಮುಚ್ಚಿ ಬಣ್ಣ ಹೊಡೆಸಿದರು, ಮತ್ತೆ ಬಿಟ್ಟಿಲ್ಲ. ಹಿಯಾಮಳ ಬಾಗಿಲುಗಳು ಈಗ ಒಂದೇ ಬೆರಳಿಗೆ ಮುಚ್ಚುತ್ತವೆ. ಮುತ್ಲಕ್ ಕೂಡ ತನ್ನ ತಾರಸಿಯ ನೀರನ್ನು ನೇರವಾಗಿ ಅದೇ ಪೈಪಿಗೆ ಸೇರಿಸಿಕೊಂಡ.

ಹಬ್ಬಕ್ಕೆ ಇಬ್ಬರೂ ಒಂದೇ ಕಾರಿನಲ್ಲಿ ರಮ್ಥಾಕ್ಕೆ ಹೋದರು. ಹಬ್ಬದಲ್ಲಿ ಮನೆಯ ಹೆಣ್ಣುಮಕ್ಕಳನ್ನು ಹೋಗಿ ನೋಡದಿದ್ದರೆ ಜನ ಏನಂದಾರು. ಅವತ್ತು ನಾನೂ ಹಿಯಾಮಳ ಜೊತೆ ಹಿಂದಿನ ಸೀಟಿನಲ್ಲಿದ್ದೆ. ನೈಫಾ ಬಾಗಿಲು ತೆರೆದಳು, ಕಾಫಿ ಕೊಟ್ಟಳು, ಮಕ್ಕಳನ್ನೆಲ್ಲ ಹೆಸರು ಹಿಡಿದು ವಿಚಾರಿಸಿದಳು. ಕೈಬೆರಳುಗಳು ಮೆಣಸಿನಕಾಯಿಗೆ ಕೆಂಪಾಗಿದ್ದವು. ಮನೆಗೆ ಬಾ ಅಂತ ಮುತ್ಲಕ್ ಕರೆದ. "ಯಾವ ಮನೆ?" ಅಂತ ಕೇಳಿದಳು. ಅವನು ನನ್ನ ಮನೆ ಅಂದ. ಸರಿ, ಹೋಗಿಬನ್ನಿ ಅಂತ ಹೇಳಿ ಎದ್ದು ಒಳಗೆ ಹೋದಳು. ನಾವು ಕಾದೆವು. ಒಳಗಿಂದ ಜಾಡಿಗಳನ್ನು ಜೋಡಿಸುವ ಸದ್ದು ಬರುತ್ತಿತ್ತು, ಅವಳು ಬರಲಿಲ್ಲ. ಹಿಯಾಮ್ ತಂದ ಸಿಹಿಯ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟೆವು.

ಈಗ ಊರಿನಲ್ಲಿ ಯಾರನ್ನು ಕೇಳಿದರೂ, ಅಣ್ಣತಮ್ಮಂದಿರು ಬೇಡಿಕೊಂಡರೂ ನೈಫಾ ಹಟ ಹಿಡಿದು ತವರು ಬಿಟ್ಟುಹೋದಳು ಅನ್ನುತ್ತಾರೆ. ಹಾಜಿ ಝೈದಾನ್ ಒಡೆದ ಮನೆಯನ್ನು ಕೂಡಿಸಿದರು ಅಂತ ಬೇರೆ ಊರುಗಳಲ್ಲೂ ಮಾತಿದೆ, ರಾಜಿಗೆ ಅವರನ್ನೇ ಕರೆಯುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ನನ್ನ ಗಂಡ ಇದೇ ಕಥೆಯನ್ನು ನಮ್ಮ ಹೊಸ ಸೊಸೆಗೆ ಹೇಳುತ್ತಿದ್ದರು. ಹಾಗಲ್ಲ ನಡೆದದ್ದು ಅಂತ ನಾನು ಬಾಯಿ ಹಾಕಿದೆ. ನೀನು ಸುಮ್ಮನಿರು ಅಂದರು. ಸೊಸೆ ನನ್ನ ಮುಖ ನೋಡಿದಳು. ಅವಳಿಗೂ ಅಣ್ಣಂದಿರಿದ್ದಾರೆ, ಮೂವರು, ತಂದೆಗೆ ಮೈ ಸರಿಯಿಲ್ಲ. ಪಾತ್ರೆ ತೊಳೆಯುವಾಗ ಅವಳು ನನ್ನ ಪಕ್ಕಕ್ಕೆ ಬಂದು ನಿಂತು, ಏನು ನಡೀತು ಅತ್ತೆ, ಹೇಳಿ ಅಂದಳು. ನಾನು ನಲ್ಲಿ ನಿಲ್ಲಿಸಿ, ನ್ಯಾಯಾಲಯಕ್ಕೆ ಹೋದ ದಿನದಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿದೆ.